ಗರ್ಭಕೋಶದ ಬಾಯಿಗೊಂದು ಹೊಲಿಗೆ

ಮೂರು ತಿಂಗಳು ದಾಟಿದರೆ ಗಂಡಾಂತರ ಕಳೆಯಿತು ಅನ್ನುವುದು ನಮ್ಮ ಮನೆಗಳ ಲೆಕ್ಕ. ವಾಂತಿ ನಿಲ್ಲುತ್ತದೆ, ಹೊಟ್ಟೆ ಕಾಣತೊಡಗುತ್ತದೆ, ನೆಂಟರಿಗೆಲ್ಲ ಸುದ್ದಿ ಹೋಗುತ್ತದೆ. ಕೆಲವು ಹೆಣ್ಣುಮಕ್ಕಳಿಗೆ ಮಾತ್ರ ಗಂಡಾಂತರ ಶುರುವಾಗುವುದೇ ಆಮೇಲೆ. ಐದನೆಯ ತಿಂಗಳಲ್ಲಿ, ಹೇಳಿಕೊಳ್ಳುವಂಥ ನೋವೂ ಇಲ್ಲದೆ, ಗರ್ಭ ಜಾರಿಹೋಗುತ್ತದೆ. ಕೂಸಿನಲ್ಲಿ ಯಾವ ದೋಷವೂ ಇರುವುದಿಲ್ಲ. ಮುಂದಿನ ಸಲವೂ ಹೀಗೇ. ಅದರ ಮುಂದಿನ ಸಲವೂ.

1950ರ ದಶಕದಲ್ಲಿ ಇಂಥವರಿಗೆ ಸಿಗುತ್ತಿದ್ದ ಚಿಕಿತ್ಸೆ ಎಂದರೆ ಹಾಸಿಗೆ ಮತ್ತು ಹಾರ್ಮೋನ್. ಮಲಗಿರಿ, ಔಷಧಿ ತಗೊಳ್ಳಿ, ದೇವರ ಮೇಲೆ ಭಾರ ಹಾಕಿ. ಇದರಿಂದ ಏನೂ ಪ್ರಯೋಜನ ಆಗುತ್ತಿಲ್ಲ ಎಂದು ಬರೆದವರಲ್ಲಿ ಒಬ್ಬರು ಬೊಂಬಾಯಿಯ ಹೆರಿಗೆ ತಜ್ಞ ಡಾ. ವಿಠ್ಠಲ ನಾಗೇಶ ಶಿರೋಡ್ಕರ್. ಗೋವಾದ ಶಿರೋಡಾದಲ್ಲಿ 1899ರಲ್ಲಿ ಹುಟ್ಟಿದವರು. ಶಾಲೆ ಕಲಿತದ್ದು ನಮ್ಮ ಹುಬ್ಬಳ್ಳಿಯಲ್ಲಿ. ಆಮೇಲೆ ಬೊಂಬಾಯಿಯ ಗ್ರಾಂಟ್ ಮೆಡಿಕಲ್ ಕಾಲೇಜು, ಇಂಗ್ಲೆಂಡಿನಲ್ಲಿ ಎಫ್‌ಆರ್‌ಸಿಎಸ್ ಎಂಬ ಶಸ್ತ್ರವೈದ್ಯರ ಪದವಿ.

ನಾಲ್ಕು ಸಲ, ಐದು ಸಲ, ಅದಕ್ಕೂ ಜಾಸ್ತಿ ಗರ್ಭ ಕಳೆದುಕೊಂಡ ಹೆಂಗಸರನ್ನು ಅವರು ಬಸಿರಿನ ಉದ್ದಕ್ಕೂ ಮತ್ತೆ ಮತ್ತೆ ಪರೀಕ್ಷಿಸಿ ನೋಡಿದರು. ಆಗ ಸ್ಕ್ಯಾನ್ ಎಲ್ಲಿತ್ತು? ಇದ್ದದ್ದು ಬೆರಳು ಮಾತ್ರ. ಕೆಲವರಲ್ಲಿ ಗರ್ಭಕೋಶದ ಬಾಯಿ ವಾರದಿಂದ ವಾರಕ್ಕೆ ಸದ್ದಿಲ್ಲದೆ ಅಗಲವಾಗುತ್ತಿರುವುದು ಆ ಬೆರಳಿಗೆ ಗೊತ್ತಾಯಿತು. ಹಾರ್ಮೋನ್ ಕಮ್ಮಿಯಾಗಿ ಗರ್ಭ ಬೀಳುತ್ತಿಲ್ಲ, ಬಾಗಿಲು ಸಡಿಲ ಇರುವುದರಿಂದ ಬೀಳುತ್ತಿದೆ ಅನ್ನುವುದು ಅವರ ತೀರ್ಮಾನ. ಕೈಯಲ್ಲಿ ಸೂಜಿ ಹಿಡಿಯುವುದು ಆಮೇಲಿನ ಮಾತು. ನನ್ನ ಪ್ರಕಾರ ಅವರ ದೊಡ್ಡ ಕೆಲಸ ಈ ಗುರುತಿಸುವಿಕೆ.

ಗರ್ಭಕೋಶದ ಬಾಯಿ, ಅಂದರೆ ಗರ್ಭಕಂಠ, ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಗಟ್ಟಿ ಕೊಳವೆ. ಮೇಲಿರುವ ಗರ್ಭಕೋಶ ಬಹುಪಾಲು ಸ್ನಾಯು. ಇಲ್ಲಿ ಸ್ನಾಯು ಕಡಿಮೆ, ಕೊಲಾಜೆನ್ ನಾರೇ ಹೆಚ್ಚು. ಒಂಬತ್ತು ತಿಂಗಳು ಕೂಸು, ನೀರು, ಮಾಸು ಎಲ್ಲದರ ಭಾರವನ್ನು ತಡೆದು ನಿಲ್ಲುವುದು ಈ ನಾರಿನ ಬಲ. ಹೆರಿಗೆ ಹತ್ತಿರ ಬಂದಾಗ ಅದು ತಾನಾಗಿ ಮೆತ್ತಗಾಗಿ, ತೆಳುವಾಗಿ, ಹತ್ತು ಸೆಂಟಿಮೀಟರ್ ತೆರೆದುಕೊಳ್ಳುತ್ತದೆ. ಇದೇ ಕೆಲಸ ಐದನೇ ತಿಂಗಳಲ್ಲಿ ನಡೆದುಬಿಟ್ಟರೆ ಕೂಸು ಉಳಿಯುವುದಿಲ್ಲ. ಹಿಂದಿನ ಹೆರಿಗೆಯಲ್ಲಿ ಹರಿದಿರಬಹುದು, ಕ್ಯಾನ್ಸರ್ ಭಯಕ್ಕೆ ಅಲ್ಲಿಂದ ಒಂದು ತುಂಡು ತೆಗೆದಿರಬಹುದು, ಹುಟ್ಟಿನಿಂದಲೇ ದುರ್ಬಲ ಇರಬಹುದು. ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ. ತೆರೆಯುವುದು ಒಳಗಿನ ತುದಿಯಿಂದ. ಹಾಗಾಗಿ ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

1955ರಲ್ಲಿ ಶಿರೋಡ್ಕರ್ ತಮ್ಮ ವಿಧಾನವನ್ನು ಮದರಾಸಿನಿಂದ ಬರುತ್ತಿದ್ದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊಲಿಯಲು ಅವರು ಬಳಸಿದ್ದು ಅದೇ ಹೆಂಗಸಿನ ತೊಡೆಯ ಹೊರಬದಿಯಲ್ಲಿ ಸ್ನಾಯುಗಳನ್ನು ಸುತ್ತಿರುವ ಗಟ್ಟಿ ಪೊರೆ. ಸುಮಾರು ಕಾಲು ಇಂಚು ಅಗಲ, ನಾಲ್ಕೂವರೆ ಇಂಚು ಉದ್ದದ ಪಟ್ಟಿ. ಅದರ ಎರಡೂ ತುದಿಗೆ ಗಟ್ಟಿ ಲಿನನ್ ದಾರ. ಗರ್ಭಕಂಠವನ್ನು ಕೆಳಗೆಳೆದು ಮುಂದೆ ಅಡ್ಡಲಾಗಿ ಒಂದು ಗೀರು ಕೊಯ್ದು, ಮೂತ್ರಕೋಶವನ್ನು ಮೇಲಕ್ಕೆ ಸರಿಸಬೇಕು. ಹಿಂದೆ ಉದ್ದಕ್ಕೆ ಇನ್ನೊಂದು ಗೀರು. ಆಮೇಲೆ ರಕ್ತನಾಳದ ಸುತ್ತ ದಾರ ಹಾಯಿಸಲು ಬಳಸುವ, ತುದಿಯಲ್ಲಿ ಕಣ್ಣಿರುವ ಬಾಗಿದ ಸೂಜಿಯಿಂದ ಪಟ್ಟಿಯನ್ನು ಚರ್ಮದಡಿಯಲ್ಲೇ ಎರಡೂ ಪಕ್ಕದಿಂದ ಸುತ್ತಿಸಿ, ಬಿಗಿಯಾಗಿ ಕಟ್ಟಿ, ಮೇಲಿನ ಪದರ ಮುಚ್ಚಿ ಹೊಲಿಯಬೇಕು. ಮುಂದೆ ತೊಡೆಯ ಪೊರೆಯ ಬದಲು ಮರ್ಸಿಲೀನ್ ಎಂಬ ಪಾಲಿಯೆಸ್ಟರ್ ಟೇಪು ಬಂತು. ತೊಡೆ ಕೊಯ್ಯುವುದು ತಪ್ಪಿತು.

ಕೆಲಸ ನಾಜೂಕಿನದು. ಮೂತ್ರಕೋಶವನ್ನು ಸರಿಸುವಾಗ ಕೈ ತಪ್ಪಿದರೆ ಕಷ್ಟ. 1957ರಲ್ಲಿ ಮೆಲ್ಬರ್ನಿನ ಇಯಾನ್ ಮೆಕ್‌ಡೊನಾಲ್ಡ್ ಸುಲಭದ ದಾರಿ ತೋರಿಸಿದರು. ಏನನ್ನೂ ಕೊಯ್ಯುವುದಿಲ್ಲ. ಗರ್ಭಕಂಠದ ಸುತ್ತ ನಾಲ್ಕೈದು ಕಡೆ ಸೂಜಿ ಹಾಕಿ, ಅಜ್ಜಿಯ ಎಲೆ ಅಡಿಕೆ ಸಂಚಿಯ ದಾರ ಎಳೆದ ಹಾಗೆ ಎಳೆದು ಗಂಟು ಹಾಕುವುದು, ಅಷ್ಟೆ. ಇವತ್ತು ಹೆಚ್ಚಾಗಿ ನಡೆಯುವುದು ಇದೇ. ಆದರೂ ಶಿರೋಡ್ಕರ್ ಹೆಸರು ಹೋಗಿಲ್ಲ. ಅವರ ಹೆಸರಿನ ಸೂಜಿ ಇವತ್ತಿಗೂ ಶಸ್ತ್ರಚಿಕಿತ್ಸೆಯ ಸಲಕರಣೆ ಮಾರುವವರ ಪಟ್ಟಿಯಲ್ಲಿ ಸಿಗುತ್ತದೆ. ಗರ್ಭಕೋಶ ಜಾರಿದ, ಇನ್ನೂ ಮಕ್ಕಳು ಬೇಕಾದ ಹೆಂಗಸರಿಗೆ ಅದನ್ನು ಮೇಲೆತ್ತಿ ಕಟ್ಟುವ ಅವರ ಆಪರೇಷನ್ ಕೂಡ ಅವರ ಹೆಸರಿನಲ್ಲೇ ಇದೆ. ಸರ್ಕಾರ 1960ರಲ್ಲಿ ಪದ್ಮಭೂಷಣ, 1971ರಲ್ಲಿ ಪದ್ಮವಿಭೂಷಣ ಕೊಟ್ಟಿತು. ಅದೇ 1971ರಲ್ಲಿ ಅವರು ತೀರಿಕೊಂಡರು.

ಹೊಲಿಗೆ ನಿಜಕ್ಕೂ ಎಷ್ಟು ಕೆಲಸ ಮಾಡುತ್ತದೆ? ಹೊಲಿಗೆ ಬೇಕೋ ಬೇಡವೋ ಎಂದು ಡಾಕ್ಟರರಿಗೇ ಅನುಮಾನ ಇದ್ದ 1292 ಹೆಂಗಸರನ್ನು 12 ದೇಶಗಳಲ್ಲಿ ಎರಡು ಗುಂಪು ಮಾಡಿ ಪರೀಕ್ಷಿಸಿದ ಅಧ್ಯಯನದ ಫಲಿತಾಂಶ 1993ರಲ್ಲಿ ಬಂತು. ಒಂದು ಗುಂಪಿಗೆ ಹೊಲಿಗೆ ಹಾಕುವುದು, ಇನ್ನೊಂದಕ್ಕೆ ಆದಷ್ಟು ಹಾಕದಿರುವುದು ಎಂದು ಅಲ್ಲಿ ಠರಾವಾಗಿತ್ತು. 33 ವಾರಕ್ಕೆ ಮೊದಲೇ ಹೆತ್ತವರು ಹೊಲಿಗೆಯ ಗುಂಪಿನಲ್ಲಿ ನೂರಕ್ಕೆ 13, ಇನ್ನೊಂದರಲ್ಲಿ 17. ಅಂದರೆ 25 ಜನಕ್ಕೆ ಹೊಲಿದರೆ ಒಬ್ಬರಿಗೆ ಲಾಭ. ಮೂರು ಅಥವಾ ಹೆಚ್ಚು ಸಲ 37 ವಾರಕ್ಕೆ ಮೊದಲೇ ಹೆರಿಗೆ ಅಥವಾ ಗರ್ಭಪಾತ ಆದವರಲ್ಲಿ ಲಾಭ ಎದ್ದು ಕಂಡಿತು. ಶಿರೋಡ್ಕರ್ ಆರಿಸಿಕೊಂಡದ್ದೂ ಅಂಥವರನ್ನೇ, ಅಲ್ವಾ! ಚಿಕಿತ್ಸೆ ಹೆಸರು ಮಾಡಿದ ಮೇಲೆ ಬೇಕಾದವರಿಗೂ ಬೇಡದವರಿಗೂ ಅದನ್ನು ಹಾಕುವುದು ಎಲ್ಲ ಕಾಲದ ಚಾಳಿ.

ಈಗ ಆಯ್ಕೆಗೆ ಸ್ಕ್ಯಾನ್ ನೆರವಿದೆ. ಹಿಂದೆ ತಿಂಗಳು ತುಂಬದೆ ಹೆರಿಗೆ ಆಗಿದ್ದು, ಈ ಸಲ 24 ವಾರದೊಳಗೆ ಗರ್ಭಕಂಠ 25 ಮಿಲಿಮೀಟರಿಗಿಂತ ಗಿಡ್ಡವಾಗಿದ್ದರೆ ಹೊಲಿಗೆಯ ಮಾತು ಬರುತ್ತದೆ. ಕೆಲವರಿಗೆ ಪ್ರೊಜೆಸ್ಟರೋನ್ ಎಂಬ ಹಾರ್ಮೋನಿನ, ಯೋನಿಯೊಳಗೆ ಇಡುವ ಮಾತ್ರೆ ಸಾಕು. ಅವಳಿ ಇದೆ ಅನ್ನುವ ಒಂದೇ ಕಾರಣಕ್ಕೆ ಸುಮ್ನೆ ಹೊಲಿಯುವುದರಿಂದ ಉಪಯೋಗವಿಲ್ಲ. ಕೆಳಗಿನಿಂದ ಹಾಕಿದ ಹೊಲಿಗೆ ಒಮ್ಮೆ ಸೋತಿದ್ದರೆ ಹೊಟ್ಟೆಯ ಕಡೆಯಿಂದ, ಇನ್ನೂ ಮೇಲೆ ಕಟ್ಟುತ್ತಾರೆ. ಆಗ ಸಿಸೇರಿಯನ್ ಖಚಿತ.

ಇನ್ನು ಹಾಸಿಗೆ. ಹೊಲಿಗೆ ಹಾಕಿದರು ಎಂದ ತಕ್ಷಣ ಮನೆಯವರು ಮಂಚದಿಂದ ಇಳಿಯಲು ಬಿಡುವುದಿಲ್ಲ. ತಿಂಗಳುಗಟ್ಟಲೆ ಮಲಗುವುದರಿಂದ ಗರ್ಭ ನಿಲ್ಲುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ. ಶಿರೋಡ್ಕರ್ ಕಾಲದಲ್ಲೇ ಸೋತ ಮದ್ದು ಇದು, ಇನ್ನೂ ನಮ್ಮ ಮನೆಗಳಲ್ಲಿ ಆರಾಮಾಗಿ ಕೂತಿದೆ. ನಿಜವಾಗಿ ಗಮನ ಇಡಬೇಕಾದದ್ದು ಬೇರೆ. ನೀರು ಹೋದರೆ, ರಕ್ತ ಕಂಡರೆ, ಜ್ವರ ಬಂದರೆ, ನೋವು ಬಿಟ್ಟು ಬಿಟ್ಟು ಬರತೊಡಗಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಹೆರಿಗೆ ಶುರುವಾದ ಮೇಲೂ ಹೊಲಿಗೆ ಹಾಗೇ ಇದ್ದರೆ ಗರ್ಭಕಂಠ ಹರಿಯಬಹುದು.

ಎಲ್ಲ ಸರಿಯಿದ್ದರೆ 36 ಅಥವಾ 37ನೇ ವಾರದಲ್ಲಿ ಕೆಳಗಿನ ಹೊಲಿಗೆ ಬಿಚ್ಚುತ್ತಾರೆ. ಮೆಕ್‌ಡೊನಾಲ್ಡ್ ಗಂಟಾದರೆ ಕೆಲವೇ ನಿಮಿಷದ ಕೆಲಸ. ಬಿಚ್ಚಿದ ಕೂಡಲೇ ಕೂಸು ಹೊರಬರುತ್ತದೆ ಎಂದು ಬ್ಯಾಗು ಕಟ್ಟಿಕೊಂಡೇ ಬಂದಿರುತ್ತಾರೆ. ಹೆಚ್ಚಿನವರು ಮನೆಗೆ ವಾಪಸ್ ಹೋಗಿ ಇನ್ನೂ ಒಂದೆರಡು ವಾರ ಓಡಾಡಿಕೊಂಡಿರುತ್ತಾರೆ. ಇವರ ಗರ್ಭಕಂಠ ಮೊದಲಿನಿಂದಲೂ ಗಟ್ಟಿಯೇ ಇತ್ತೋ, ಹೊಲಿಗೆ ಕಾಪಾಡಿತೋ, ಒಬ್ಬೊಬ್ಬರ ವಿಷಯದಲ್ಲಿ ಹೇಳಲು ಯಾವ ಡಾಕ್ಟರಿಗೂ ಆಗುವುದಿಲ್ಲ.