ಪದ ಪರಿಚಯ: ಶಾಲೆಯ ಹವಾಮಾನ ತಾಳಿಕೆ

ಅತಿವೃಷ್ಟಿ, ನೆರೆ, ಬಿಸಿಗಾಳಿ ಅಥವಾ ಚಂಡಮಾರುತದ ಹೊಡೆತಕ್ಕೆ ಸಿಕ್ಕ ಶಾಲೆಯು ಮಕ್ಕಳ ಜೀವವನ್ನು ಕಾಪಾಡಿಕೊಂಡು, ಪಾಠವನ್ನು ಹೆಚ್ಚು ದಿನ ಕಡಿದುಹೋಗಲು ಬಿಡದೆ, ಮುಂದಿನ ಹೊಡೆತಕ್ಕೆ ಹಿಂದಿಗಿಂತ ಚೆನ್ನಾಗಿ ಸಜ್ಜಾಗುವ ಶಕ್ತಿಯನ್ನು ಹವಾಮಾನ ತಾಳಿಕೆ ಎನ್ನುತ್ತಾರೆ. ಈ ಮೂರರಲ್ಲಿ ಮೊದಲನೆಯದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: ರಜೆ. ರಜೆ ಬೇಕೇ ಬೇಕು. ಆದರೆ ರಜೆ ಸಾರಿದ ಮಾತ್ರಕ್ಕೆ ಶಾಲೆಗೆ ತಾಳಿಕೆ ಬಂದಂತಾಗುವುದಿಲ್ಲ.

ಮುಂಬಯಿಯನ್ನೇ ನೋಡಬಹುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದಾಗ, ನಗರದ ಹಳೆಯ ಚರಂಡಿಗಳು ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕದಲ್ಲಿ ಕಟ್ಟಿದವಾಗಿದ್ದವು. ಕಡಲು ಉಬ್ಬರದಲ್ಲಿದ್ದರೆ ಚರಂಡಿಯ ನೀರು ಹೊರಹೋಗಲು ದಾರಿಯಿಲ್ಲದೆ ತಗ್ಗಿನ ಬೀದಿಗಳಲ್ಲೇ ನಿಲ್ಲುತ್ತದೆ. 2024ರ ಜುಲೈ 8ರಂದು ನಸುಕಿನ ಒಂದು ಗಂಟೆಯಿಂದ ಏಳರವರೆಗೆ ಕೆಲವೆಡೆ 300 ಮಿ.ಮೀ.ಗೂ ಹೆಚ್ಚು ಮಳೆಯಾಗಿ, ಮಹಾನಗರಪಾಲಿಕೆ ಬೆಳಗಿನ ಪಾಳಿಯ ಶಾಲೆಗಳಿಗೆ ರಜೆ ಸಾರಿತು. ಬೆಳಗಿನ ಪಾಳಿಯ ಮಕ್ಕಳು ಮನೆ ಬಿಡುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಆದ್ದರಿಂದ ರಜೆಯ ಸುದ್ದಿ ಎಷ್ಟು ಗಂಟೆಗೆ, ಯಾರ ಮೂಲಕ, ಯಾವ ಭಾಷೆಯಲ್ಲಿ ಮನೆ ತಲುಪುತ್ತದೆ ಎಂಬುದೂ ತಾಳಿಕೆಯ ಭಾಗವೇ.

ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಗಳ ಮಟ್ಟಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಅಂಥ ಶಾಲೆಗಳು ವಿರಳವಾದ್ದರಿಂದ ಮಕ್ಕಳು ದೂರದಿಂದ ಬರಬೇಕಾಗುತ್ತದೆ. ಶಾಲೆಯ ಅಂಗಳ ಒಣಗಿದ್ದರೂ ನಡುವೆ ಲೋಕಲ್ ರೈಲು ನಿಂತರೆ ಅವರ ಪಾಲಿಗೆ ಶಾಲೆ ಮುಚ್ಚಿದಂತೆಯೇ. ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ತಂದೆತಾಯಿಗೆ ಮರಾಠಿಯ ಸಂದೇಶ ಓದಲು ಬಾರದಿರಬಹುದು. ಓದಲು ಬಂದರೂ ಫೋನು ಕೆಲಸಕ್ಕೆ ಹೋದವರ ಜೇಬಿನಲ್ಲಿರುತ್ತದೆ. ತರಗತಿ ಶಿಕ್ಷಕರು ಕನ್ನಡದಲ್ಲಿ ಕಳಿಸುವ ಒಂದು ಧ್ವನಿ ಸಂದೇಶ, ಮಗುವನ್ನು ಯಾರ ಕೈಗೆ ಒಪ್ಪಿಸಬೇಕೆಂದು ಮೊದಲೇ ಬರೆದಿಟ್ಟ ಪಟ್ಟಿ, ಇವಕ್ಕೆ ಅನುದಾನ ಬೇಕಿಲ್ಲ.

ಕಟ್ಟಡದೊಳಗೂ ಕಾಸಿಲ್ಲದೆ ಆಗುವ ಕೆಲಸಗಳಿವೆ. ದಾಖಲಾತಿ ಪುಸ್ತಕ ಮತ್ತು ಶಾಲೆ ಬಿಟ್ಟ ಪ್ರಮಾಣಪತ್ರಗಳ ಕಡತವನ್ನು ಕಪಾಟಿನ ಕೆಳಗಿನ ಅರೆಯಿಂದ ಮೇಲಿನ ಮಹಡಿಗೆ ಸಾಗಿಸುವುದು ಅಂಥದ್ದು. ಮೊಣಕಾಲೆತ್ತರದ ನೀರಿನಲ್ಲಿ ಆ ಶಾಯಿ ಕದಡಿದರೆ, ಮುಂದೆ ಜನ್ಮದಿನಾಂಕದ ಒಂದು ಸಾಲಿಗಾಗಿ ಹಳೆಯ ವಿದ್ಯಾರ್ಥಿಗಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ನೆಲಮಟ್ಟದ ವಿದ್ಯುತ್ ಮೀಟರು, ಬಿಸಿಯೂಟದ ಅಕ್ಕಿಮೂಟೆ, ಕುಡಿಯುವ ನೀರಿನ ತೊಟ್ಟಿಯ ಮುಚ್ಚಳ, ಇವನ್ನೂ ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳಬೇಕು.

ಬಿಸಿಲಿನ ಮಾತು ನಮ್ಮಲ್ಲಿ ಕಡಿಮೆ. ಕರಾವಳಿಯಲ್ಲಿ ಉಷ್ಣಾಂಶ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಷ್ಟು ಹೆಚ್ಚಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿಯ ಸ್ಥಿತಿಯೆಂದು ಪರಿಗಣಿಸುತ್ತದೆ. ಆದರೆ ತೇವ ತುಂಬಿದ ಗಾಳಿಯಲ್ಲಿ ಬೆವರು ಆರುವುದಿಲ್ಲವಾದ್ದರಿಂದ, ಅದಕ್ಕೂ ಕಡಿಮೆ ಉಷ್ಣಾಂಶದಲ್ಲಿ ತಗಡಿನ ಚಾವಣಿಯ ಕೆಳಗೆ ಕುಳಿತ ಮಗು ಬಳಲುತ್ತದೆ. ಚಾವಣಿಗೆ ಬಿಳಿ ಬಣ್ಣ, ಎದುರುಬದುರು ಕಿಟಕಿ, ಆಟದ ಪಿರಿಯಡ್ಡನ್ನು ಬೆಳಗಿಗೆ ಸರಿಸುವುದು ಇಲ್ಲಿಯ ಮದ್ದು. ಯುನಿಸೆಫ್ ಲೆಕ್ಕದಂತೆ 2024ರಲ್ಲಿ 85 ದೇಶಗಳ ಸುಮಾರು 24.2 ಕೋಟಿ ವಿದ್ಯಾರ್ಥಿಗಳ ಕಲಿಕೆ ಹವಾಮಾನ ವೈಪರೀತ್ಯದಿಂದ ಕೆಟ್ಟಿತು. ಅದರಲ್ಲಿ ದೊಡ್ಡ ಪಾಲು ಬಿಸಿಗಾಳಿಯದೇ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲೇ ಶಾಲಾ ಸುರಕ್ಷತೆಯ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಅನುಸರಿಸುವಾಗ ಅಣಕು ಕವಾಯತಿಗೆ ಸಿಗುವ ಗಮನ, ಹೋದ ಪಾಠವನ್ನು ತುಂಬಿಕೊಡುವ ಕೆಲಸಕ್ಕೆ ಸಿಗುತ್ತಿಲ್ಲ ಎಂಬುದು ನನ್ನ ಅನಿಸಿಕೆ. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200, ಆರರಿಂದ ಎಂಟಕ್ಕೆ 220 ಕೆಲಸದ ದಿನಗಳನ್ನು ವಿಧಿಸುತ್ತದೆ. ಮಳೆ ನುಂಗಿದ ದಿನಗಳನ್ನು ಯಾವ ಶನಿವಾರ ಮರಳಿಸುವುದು, ಪಾಲಿಕೆಯ ಶಾಲೆಯೇ ನೆರೆ ಸಂತ್ರಸ್ತರ ಆಸರೆಯಾದಾಗ ತರಗತಿಗಳನ್ನು ಎಲ್ಲಿ ನಡೆಸುವುದು ಎಂಬುದನ್ನು ಶಾಲಾ ವ್ಯವಸ್ಥಾಪನ ಸಮಿತಿ ಜೂನ್‌ಗೆ ಮೊದಲೇ ನಿರ್ಣಯಿಸಿ ಬರೆದಿಡಬೇಕು.