ಉತಾರದ ನಂಬರ್ ಗುಟ್ಟಲ್ಲ, ಓಟಿಪಿ ಗುಟ್ಟು

ಪ್ರಶ್ನೆ: ನಮ್ಮ ಅಪ್ಪಾರು ಉತಾರದ ನಂಬರ್ ಯಾರಿಗೂ ಹೇಳಂಗಿಲ್ಲ, ಪಾಸ್‌ಬುಕ್ ಟ್ರಂಕಿನ್ಯಾಗ ಕೀಲಿ ಹಾಕಿ ಇಡತಾರ. ಆದ್ರ ಫೋನ್‌ನ್ಯಾಗ ಯಾರರೆ ಓಟಿಪಿ ಕೇಳಿದ್ರ ಹೇಳಿಬಿಡತಾರ. ಏನು ಹೇಳಬೇಕು, ಏನು ಹೇಳಬಾರದು?
– ಓದುಗರು, ಮುಧೋಳ ತಾಲ್ಲೂಕು

ಉತ್ತರ: ಅಪ್ಪಾರು ಮುಚ್ಚಿಡುತ್ತಿರುವುದು ಅಷ್ಟೇನೂ ಗುಟ್ಟಲ್ಲ. ಊರು, ಸರ್ವೆ ನಂಬರ್ ಗೊತ್ತಿದ್ದರೆ ಉತಾರವನ್ನು, ಅಂದರೆ ಪಹಣಿಯನ್ನು, ಸರ್ಕಾರದ ಜಮೀನು ದಾಖಲೆಗಳ 'ಭೂಮಿ' ತಂತ್ರಾಂಶದಲ್ಲಿ ಯಾರು ಬೇಕಾದರೂ ನೋಡಬಹುದು. ಕಬ್ಬಿನ ಬಿಲ್ ಜಮಾ ಆಗಲು ಫ್ಯಾಕ್ಟರಿಗೆ ಖಾತೆ ನಂಬರ್, ಐಎಫ್‌ಎಸ್‌ಸಿ ಕೊಡಲೇಬೇಕು. ಅವೆರಡರಿಂದ ದುಡ್ಡು ಹಾಕಬಹುದೇ ಹೊರತು ತೆಗೆಯಲಾಗದು. ಹಾಗಂತ ಸಿಕ್ಕಸಿಕ್ಕವರಿಗೆ ಹಂಚಬೇಕಿಲ್ಲ.

ತೊಡಕಿರುವುದು ಓಟಿಪಿಯಲ್ಲಿ. 'ಯಾರಿಗೂ ಹೇಳಬೇಡಿ' ಎಂದು ಎಲ್ಲರೂ ಸಾರುತ್ತಾರೆ, ಆದರೆ ಸಿಲಿಂಡರ್ ತಂದವನೂ ಕೋಡ್ ಕೇಳುತ್ತಾನೆ, ಸರ್ಕಾರಿ ಸೇವಾ ಕೇಂದ್ರವಾದ ಗ್ರಾಮ ಒನ್‌ನಲ್ಲಿ ಆಧಾರ್ ಕೆಲಸಕ್ಕೂ ಕೇಳುತ್ತಾರೆ. ಹಿರಿಯರು ಗೊಂದಲಕ್ಕೆ ಬೀಳುವುದು ಸಹಜ. ನಾನಾದರೆ ಹೀಗೆ ಹೇಳಿಕೊಡುತ್ತೇನೆ: ಕೆಲಸ ಶುರು ಮಾಡಿದ್ದು ನಾವೋ, ಅವರೋ? ಸಿಲಿಂಡರ್ ಬುಕ್ ಮಾಡಿದ್ದು ನಾವು, ಅದು ಈಗ ಬಾಗಿಲಲ್ಲಿದೆ, ಕೋಡ್ ಹೇಳಬಹುದು. 'ನಾಳೆ ತರತೀನ್ರಿ, ಈಗ ನಂಬರ್ ಹೇಳ್ರಿ' ಎಂದು ಫೋನಿನಲ್ಲಿ ಕೇಳಿದರೆ ಬೇಡ. ಕೌಂಟರ್‌ನಲ್ಲಿ ಎದುರು ಕೂತಾಗಲೂ ಮೆಸೇಜ್ ಪೂರ್ತಿ ಓದಿಸಿಕೊಳ್ಳಬೇಕು. ಓಟಿಪಿ ಯಾತಕ್ಕೆ ಎಂದು ಸಾಮಾನ್ಯವಾಗಿ ಅದರಲ್ಲೇ ಬರೆದಿರುತ್ತದೆ. ಆಧಾರ್ ಕೆಲಸಕ್ಕೆಂದು ಹೋದಾಗ ಬ್ಯಾಂಕಿನ ಹೆಸರಲ್ಲಿ ಓಟಿಪಿ ಬಂದರೆ ಎದ್ದು ಬರಬೇಕು.

ಯುಪಿಐ ಪಿನ್‌ಗೆ ಈ ವಿನಾಯಿತಿಯೂ ಇಲ್ಲ. ಮಗನಿಗೂ ಹೇಳಬೇಕಿಲ್ಲ. ದುಡ್ಡು ಪಡೆಯಲು ಪಿನ್ ಒತ್ತುವುದೇ ಬೇಡ. 'ನಿಮಗ ರೊಕ್ಕ ಬರತೈತಿ, ಪಿನ್ ಹಾಕ್ರಿ' ಅಂದರೆ ರೊಕ್ಕ ಹೋಗುತ್ತದೆ.

ಆಧಾರ್ ಝೆರಾಕ್ಸ್ ಲಾಡ್ಜಿನಲ್ಲಿ ಕೊಟ್ಟು ಮರೆಯುತ್ತೇವೆ. ಗುರುತಿಗಷ್ಟೇ ಕೇಳಿದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು, ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಜಾಲತಾಣದಲ್ಲಿ ಸಿಗುತ್ತದೆ. ಬೆರಳಚ್ಚನ್ನೂ ಅಲ್ಲೇ ಲಾಕ್ ಮಾಡಬಹುದು, ಆದರೆ ರೇಷನ್ ಅಂಗಡಿಗೆ ಹೋಗುವ ಮುನ್ನ ತೆಗೆಸಲು ಮರೆತರೆ ಅಲ್ಲಿ ಹೆಬ್ಬೆಟ್ಟು ತಗೊಳ್ಳುವುದಿಲ್ಲ.

ಹೇಳಿಬಿಟ್ಟು ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಮಗ ಬೈತಾನೆಂದು ಅಪ್ಪಾರು ಸಂಜೆತನಕ ಸುಮ್ಮನಿದ್ದರೆ ಅಷ್ಟರೊಳಗೆ ಆ ದುಡ್ಡು ಹಲವು ಖಾತೆ ದಾಟಿರುತ್ತದೆ.