ಕಚ್ಚಿದವರು ಇಬ್ಬರು, ಹೊರಗೆ ಕೂತವನು ಒಬ್ಬ

2006ರ ಅಕ್ಟೋಬರ್‌ನಲ್ಲಿ ಫುಟ್‌ಬಾಲ್ ಪಂದ್ಯವೊಂದರಲ್ಲಿ ಟಾಟೆನ್‌ಹ್ಯಾಮ್‌ನ ಜರ್ಮೇನ್ ಡೀಫೊ, ವೆಸ್ಟ್ ಹ್ಯಾಮ್‌ನ ಹವಿಯೆರ್ ಮಸ್ಕೆರಾನೊನ ತೋಳು ಕಚ್ಚಿದ. ಎಚ್ಚರಿಕೆಯ ಒಂದು ಹಳದಿ ಕಾರ್ಡ್, ಅಲ್ಲಿಗೆ ಮುಗಿಯಿತು. 2013ರ ಏಪ್ರಿಲ್‌ನಲ್ಲಿ ಲಿವರ್‌ಪೂಲ್‌ನ ಲೂಯಿಸ್ ಸುವಾರೆಜ್, ಚೆಲ್ಸಿಯ ಬ್ರಾನಿಸ್ಲಾವ್ ಇವಾನೊವಿಚ್‌ನ ತೋಳು ಕಚ್ಚಿದ. 10 ಪಂದ್ಯ ನಿಷೇಧ. ಎರಡೂ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲೇ ನಡೆದದ್ದು, ಎರಡನ್ನೂ ನೋಡಿಕೊಂಡದ್ದು ಅಲ್ಲಿನ ಫುಟ್‌ಬಾಲ್ ಸಂಸ್ಥೆಯಾದ ಅದೇ ಎಫ್‌ಎ. ಸುವಾರೆಜ್‌ನ ಹಳೇ ಖಾತೆ ಭಾರವಾಗಿತ್ತು, ನಿಜ. 2010ರಲ್ಲಿ ನೆದರ್ಲೆಂಡ್ಸ್‌ನಲ್ಲೂ ಕಚ್ಚಿ 7 ಪಂದ್ಯ ಹೊರಗೆ ಕೂತಿದ್ದ. ಆದರೆ ಡೀಫೊ ಪಾರಾದದ್ದಕ್ಕೆ ಕಾರಣ ಬೇರೆ. ಅವನ ಪಂದ್ಯದ ರೆಫರಿ ಘಟನೆಗೆ ಸ್ಥಳದಲ್ಲೇ ಕಾರ್ಡ್ ಕೊಟ್ಟುಬಿಟ್ಟಿದ್ದರು. ರೆಫರಿ ನೋಡಿ ತೀರ್ಮಾನಿಸಿದ ಮೇಲೆ ಆ ಕಡತವನ್ನು ಮತ್ತೆ ತೆರೆಯುವಂತಿರಲಿಲ್ಲ. ಸುವಾರೆಜ್ ಕಚ್ಚಿದ್ದು ರೆಫರಿಯ ಕಣ್ಣಿಗೆ ಬೀಳಲೇ ಇಲ್ಲ, ಹಾಗಾಗಿ ಎಫ್‌ಎಯ ಶಿಸ್ತು ಸಮಿತಿಗೆ ಕೈ ಹಾಕಲು ದಾರಿ ಸಿಕ್ಕಿತು.

"ಅಲ್ರೀ, ಮೊನ್ನೆ ಅವಂಗ ಕೆಂಪ್ ಕಾರ್ಡ್, ಇವತ್ತ ಇವಂಗ ಬರೀ ಹಳದಿ, ಇದೆಂಥಾ ನ್ಯಾಯ?" ಹುಬ್ಬಳ್ಳಿಯ ಚಹಾದಂಗಡಿಯಲ್ಲಿ ಶನಿವಾರ ರಾತ್ರಿಯ ಪಂದ್ಯ ನೋಡಿ ಬಂದವರು ಕೇಳುವ ಈ ಪ್ರಶ್ನೆಯಲ್ಲಿ ಸಿಟ್ಟು ಸರಿಯಾದದ್ದೇ. ಆದರೆ ಅದು ಬಹಳ ಸಲ ತಪ್ಪು ಬಾಗಿಲು ತಟ್ಟುತ್ತದೆ. ಮೈದಾನದ ರೆಫರಿ, ವಿಡಿಯೊ ಕೋಣೆ, ಶಿಸ್ತು ಸಮಿತಿ, ಈ ಮೂವರ ಅಧಿಕಾರವೂ ಬೇರೆ, ಅಳತೆಗೋಲೂ ಬೇರೆ.

ಮೊದಲು ರೆಫರಿ. ಆಟದ 17 ನಿಯಮಗಳಲ್ಲಿ ಹನ್ನೆರಡನೆಯದು ಫೌಲ್‌ಗಳದ್ದು. ಅದರಲ್ಲಿ ಟ್ಯಾಕಲ್‌ಗೆ, ಅಂದರೆ ಎದುರಾಳಿಯಿಂದ ಚೆಂಡು ಕಸಿಯಲು ಕಾಲು ಹಾಕುವುದಕ್ಕೆ, ಮೂರು ಮೆಟ್ಟಿಲು. ಅಜಾಗರೂಕತೆಯಿದ್ದರೆ ಬರೀ ಫ್ರೀಕಿಕ್. ಎದುರಾಳಿಗೆ ಅಪಾಯವಾದೀತು ಎಂಬ ಪರಿವೆಯೇ ಇಲ್ಲದೆ ನುಗ್ಗಿದರೆ ಹಳದಿ. ಬೇಕಾದ್ದಕ್ಕಿಂತ ಹೆಚ್ಚು ಬಲ ಹಾಕಿ ಎದುರಾಳಿಯ ಮೈಗೆ ಕುತ್ತು ತಂದರೆ ಕೆಂಪು, ಅಂದರೆ ಮೈದಾನದಿಂದ ಹೊರಗೆ. ರೆಫರಿ ಅರೆಕ್ಷಣದಲ್ಲಿ ನೋಡಬೇಕಾದದ್ದು ಇಷ್ಟು: ಸ್ಟಡ್ಸ್ (ಬೂಟಿನ ಅಡಿಯ ಮೊಳೆಗಳು) ಮುಂದಕ್ಕೆ ತೋರುತ್ತಿವೆಯೇ, ತಾಗಿದ್ದು ಪಾದಕ್ಕೋ ಮೊಣಕಾಲಿಗೋ, ಕಾಲು ನೆಟ್ಟಗಿತ್ತೋ ಮಡಚಿತ್ತೋ, ಎಷ್ಟು ದೂರದಿಂದ ಎಷ್ಟು ವೇಗದಲ್ಲಿ ಬಂದ, ಎರಡೂ ಕಾಲು ನೆಲ ಬಿಟ್ಟಿದ್ದವೇ. ಚೆಂಡು ತಾಗಿತು ಎಂಬುದು ಇಲ್ಲಿ ರಕ್ಷಣೆಯಲ್ಲ. "ಬಾಲ್ ಹೊಡದಾನ್ರೀ" ಎಂದು ಗ್ಯಾಲರಿಯಿಂದ ಎಷ್ಟು ಕೂಗಿದರೂ, ಚೆಂಡು ತಾಗಿದ ಮೇಲೆ ಅದೇ ಕಾಲು ಎದುರಾಳಿಯ ಕಣಕಾಲಿನ ಮೇಲೆ ಇಳಿದರೆ ಕೆಂಪು ಬರಬಹುದು. ಇದೆಲ್ಲವೂ ರೆಫರಿ ನಿಂತ ಕೋನದ ಮೇಲೆ ಹೋಗುತ್ತದೆ. ಟ್ಯಾಕಲ್‌ನ ಹಿಂದೆ ನೇರ ಗೆರೆಯಲ್ಲಿ ನಿಂತವರಿಗೆ ಸ್ಟಡ್ಸ್ ಕಾಣುವುದಿಲ್ಲ, ಪಕ್ಕಕ್ಕಿದ್ದವರಿಗೆ ಕಾಣುತ್ತವೆ.

ವಿಡಿಯೊ ಬಂದ ಮೇಲಾದರೂ ಇದು ಸರಿಹೋಗಬೇಕಿತ್ತಲ್ಲ? ಗೊಂದಲ ಹೆಚ್ಚಿದ್ದೇ ಇಲ್ಲಿ. ವಿಡಿಯೊ ಕೋಣೆಯಲ್ಲಿ ಕೂತ ಸಹಾಯಕ ರೆಫರಿ, ಅಂದರೆ ವಿಎಆರ್‌ನ ಕೆಲಸ ಸರಿಯಾದ ತೀರ್ಪು ಹುಡುಕುವುದಲ್ಲ, ಎದ್ದು ಕಾಣುವ ತಪ್ಪನ್ನು ಹಿಡಿಯುವುದು. ಹಳದಿಗೂ ಕೆಂಪಿಗೂ ನಡುವೆ ತೂಗಾಡುವ ಒಂದು ಟ್ಯಾಕಲ್ ತೆಗೆದುಕೊಳ್ಳಿ. ಒಂದು ಮೈದಾನದಲ್ಲಿ ರೆಫರಿ ಹಳದಿ ಕೊಡುತ್ತಾರೆ. ವಿಡಿಯೊ ಕೋಣೆ ನೋಡಿ, "ಇದು ಸ್ಪಷ್ಟ ತಪ್ಪಲ್ಲ" ಎಂದು ಬಿಡುತ್ತದೆ. ಇನ್ನೊಂದು ಮೈದಾನದಲ್ಲಿ ಅಂಥದ್ದಕ್ಕೇ ಕೆಂಪು, ಅಲ್ಲೂ ಸ್ಪಷ್ಟ ತಪ್ಪಿಲ್ಲ. ಎರಡೂ ಕಡೆ ನಿಯಮ ಪಾಲನೆಯಾಯಿತು, ನೋಡುವವನಿಗೆ ಮಾತ್ರ ಮೋಸವಾದಂತೆ ಅನಿಸುತ್ತದೆ. ಇದರ ಜೊತೆಗೆ ನಿಧಾನಗತಿಯ ಚಿತ್ರ. ವೇಗವೇ ಕಾಣದಂತೆ ಮಾಡಿ, ಸಾಮಾನ್ಯ ತಾಗುವಿಕೆಯನ್ನೂ ಬೇಕೆಂದೇ ತುಳಿದಂತೆ ತೋರಿಸುತ್ತದೆ. ಎಲ್ಲಿ ತಾಗಿತು ಎಂದು ತಿಳಿಯಲು ನಿಧಾನಗತಿ, ಎಷ್ಟು ಜೋರಾಗಿ ತಾಗಿತು ಎಂದು ತಿಳಿಯಲು ಮಾಮೂಲಿ ವೇಗ. ಟಿ.ವಿ. ವೀಕ್ಷಕರಿಗೆ ಸಿಗುವುದು ಬಹುಪಾಲು ಮೊದಲನೆಯದು.

ಗೋಲಿನ ಸ್ಪಷ್ಟ ಅವಕಾಶ ತಪ್ಪಿಸಿದ ಫೌಲ್‌ನಲ್ಲೂ ಇದೇ ಜಗಳ. ಗೋಲಿಗೆ ಎಷ್ಟು ದೂರ, ಆಟದ ದಿಕ್ಕು ಎತ್ತ, ಚೆಂಡು ಅವನ ಹಿಡಿತದಲ್ಲಿ ಉಳಿಯುತ್ತಿತ್ತೇ, ರಕ್ಷಕರು ಎಷ್ಟು ಜನ ಎಲ್ಲಿದ್ದರು, ಈ ನಾಲ್ಕನ್ನೂ ತೂಗಬೇಕು. "ಕೊನೇ ಡಿಫೆಂಡರ್" ಎಂಬ ಮಾತು ನಿಯಮಪುಸ್ತಕದಲ್ಲಿ ಇಲ್ಲವೇ ಇಲ್ಲ. 2016ರಿಂದ ಇನ್ನೊಂದು ತಿರುವು: ಪೆನಾಲ್ಟಿ ಪ್ರದೇಶದ ಒಳಗೆ, ಚೆಂಡಿಗಾಗಿಯೇ ಕಾಲು ಚಾಚಿ ಫೌಲ್ ಮಾಡಿದರೆ ಪೆನಾಲ್ಟಿ ಜೊತೆಗೆ ಹಳದಿ ಮಾತ್ರ. ಅಂಗಿ ಎಳೆದರೆ, ತಳ್ಳಿದರೆ ಕೆಂಪೇ.

ನನ್ನ ಮಟ್ಟಿಗೆ ನಿಜವಾದ ತಕರಾರು ಇರಬೇಕಾದದ್ದು ಮೂರನೆಯವರ, ಅಂದರೆ ಶಿಸ್ತು ಸಮಿತಿಯ ಮೇಲೆ. 2025ರ ನವೆಂಬರ್‌ನಲ್ಲಿ ಐರ್ಲೆಂಡ್ ವಿರುದ್ಧ ಮೊಣಕೈ ಬೀಸಿದ್ದಕ್ಕೆ ಪೋರ್ಚುಗಲ್‌ನ ಕ್ರಿಸ್ಟಿಯಾನೊ ರೊನಾಲ್ಡೊಗೆ ಕೆಂಪು ಕಾರ್ಡ್ ಬಿತ್ತು. ಫಿಫಾ 3 ಪಂದ್ಯ ನಿಷೇಧ ಹೇರಿ, ಅದರಲ್ಲಿ 2 ಪಂದ್ಯವನ್ನು ಒಂದು ವರ್ಷದ ಷರತ್ತಿನ ಮೇಲೆ ತಡೆಹಿಡಿಯಿತು. ಉಳಿದ ಒಂದನ್ನು ಆರ್ಮೇನಿಯಾ ವಿರುದ್ಧ ಹೊರಗೆ ಕೂತು ಅವನು ಮುಗಿಸಿಯಾಗಿತ್ತು, 2026ರ ವಿಶ್ವಕಪ್‌ನ ಮೊದಲ ಪಂದ್ಯಕ್ಕೆ ಅಡ್ಡಿ ಉಳಿಯಲಿಲ್ಲ. ಹೀಗೆ ತಡೆಹಿಡಿಯಲು ಫಿಫಾ ಶಿಸ್ತು ಸಂಹಿತೆಯಲ್ಲಿ ಅವಕಾಶವಿದೆ, ಕಾನೂನು ಮುರಿದಿಲ್ಲ. ಆದರೆ ಹೆಸರಿಲ್ಲದ ಆಟಗಾರನಿಗೂ ಇದೇ ರಿಯಾಯಿತಿ ಸಿಗುತ್ತದೆಯೇ ಎಂದು ಅಭಿಮಾನಿ ಕೇಳಿದರೆ ಅದನ್ನು ಹೊಟ್ಟೆಕಿಚ್ಚು ಎನ್ನಲಾಗದು.

ನಮ್ಮ ಕಡೆಯವರಿಗೆ ಹತ್ತಿರದ್ದು 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವದಲ್ಲಿ ನಡೆದ ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್ ನಡುವಿನ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಬ್ಲಾಸ್ಟರ್ಸ್ ಆಟಗಾರರು ಅಡ್ಡ ನಿಂತು ಗೋಡೆ ಕಟ್ಟುವ ಮೊದಲೇ ಬೆಂಗಳೂರಿನ ಸುನಿಲ್ ಛೆಟ್ರಿ ಫ್ರೀಕಿಕ್ ಒದ್ದು ಗೋಲು ಹಾಕಿದ, ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆಯಿತು. ಭಾರತದ ಫುಟ್‌ಬಾಲ್ ಒಕ್ಕೂಟವಾದ ಎಐಎಫ್‌ಎಫ್‌ನ ಶಿಸ್ತು ಸಮಿತಿ ಬ್ಲಾಸ್ಟರ್ಸ್ ಕ್ಲಬ್‌ಗೆ 4 ಕೋಟಿ ರೂಪಾಯಿ, ಕೋಚ್ ಇವಾನ್ ವುಕೊಮಾನೊವಿಚ್‌ಗೆ 5 ಲಕ್ಷ ದಂಡ ಮತ್ತು 10 ಪಂದ್ಯ ನಿಷೇಧ ವಿಧಿಸಿತು. "ಗೋಲು ಸರಿಯೋ ತಪ್ಪೋ ಅದನ್ನ ಹೇಳ್ರಿ ಮೊದ್ಲ" ಎಂದು ಕೇಳಿದವರಿಗೆ ಸಮಿತಿಯಿಂದ ಬೇಕಾದ ಉತ್ತರ ಸಿಗುವುದು ಕಷ್ಟವೇ. ಐದನೇ ನಿಯಮದ ಪ್ರಕಾರ ಆಟದ ಸಂಗತಿಗಳ ಬಗ್ಗೆ ರೆಫರಿಯ ಮಾತೇ ಅಂತಿಮ. ಮೈದಾನ ಬಿಟ್ಟದ್ದು ಮಾತ್ರ ಬೇರೆ ಅಪರಾಧ.

ಇನ್ನು ನಮ್ಮ ಊರಿನ ಟೂರ್ನಿಗಳು. ಹುಬ್ಬಳ್ಳಿಯ ರೈಲ್ವೆ ಮೈದಾನವಿರಲಿ, ಧಾರವಾಡದ ಕಾಲೇಜು ಮೈದಾನವಿರಲಿ, ವಿಡಿಯೊ ಕೋಣೆಯಂತೂ ಇಲ್ಲ. ಇಲ್ಲಿ ತಾರತಮ್ಯ ಹುಟ್ಟುವುದು ರೆಫರಿಯ ವರದಿಯಲ್ಲಿ. "7ನೇ ನಂಬರ್ ಗಲಾಟೆ ಮಾಡಿದ, ಕೆಂಪು ಕಾರ್ಡ್" ಎಂದು ಒಂದೇ ಸಾಲು ಬರೆದುಕೊಟ್ಟರೆ ಸಮಿತಿ ಏನು ತೂಗಬೇಕು? ಬೈದನೋ, ಹೊಡೆದನೋ, ಬೈಗುಳಕ್ಕೆ ಎಷ್ಟು, ಏಟಿಗೆ ಎಷ್ಟು? ಕೊನೆಗೆ ಯಾರ ತಂಡದವರ ಧ್ವನಿ ದೊಡ್ಡದೋ ಅವರ ಲೆಕ್ಕವೇ ನಡೆಯುತ್ತದೆ. ವರದಿ ಹೀಗಿರಬೇಕು: "63ನೇ ನಿಮಿಷ, ಚೆಂಡು ಥ್ರೋ-ಇನ್‌ಗೆ ಹೊರಹೋಗಿತ್ತು. 7ನೇ ನಂಬರ್, ಎದುರಾಳಿ 4ನೇ ನಂಬರ್‌ನ ಎದೆಗೆ ಎರಡೂ ಕೈಯಿಂದ ದಬ್ಬಿದ. ನಾನು ಸುಮಾರು 8 ಮೀಟರ್ ದೂರದಲ್ಲಿದ್ದೆ, ನಡುವೆ ಯಾರೂ ಇರಲಿಲ್ಲ. ಗಾಯವಿಲ್ಲ. ಹೊರಹೋಗುವಾಗ ಇಂಥ ಮಾತು ಆಡಿದ." ಬೈಗುಳವನ್ನು ಆಡಿದ ಹಾಗೆಯೇ ಬರೆಯಬೇಕು, "ಅಸಭ್ಯ ಪದ" ಎಂದರೆ ಸಾಲದು.

ಸೋತವರು ಹೊರಬೀಳುವ ನಾಕೌಟ್ ಟೂರ್ನಿಯ ದೊಡ್ಡ ತೂತು ಇನ್ನೊಂದು. ಕೆಂಪು ಕಾರ್ಡ್ ಪಡೆದವನ ತಂಡ ಅದೇ ಪಂದ್ಯದಲ್ಲಿ ಸೋತರೆ ನಿಷೇಧ ಗಾಳಿಗೆ ಹೋಗುತ್ತದೆ. ಬರುವ ತಿಂಗಳು ಅದೇ ಹುಡುಗ ಗದಗದಲ್ಲೋ ಹಾವೇರಿಯಲ್ಲೋ ಬೇರೆ ಅಂಗಿ ತೊಟ್ಟು ಆಡುತ್ತಾನೆ. ಗೆದ್ದ ತಂಡದವನು ಮಾತ್ರ ಸೆಮಿಫೈನಲ್ ಹೊರಗೆ ಕೂರಬೇಕು. ಉಳಿದ ನಿಷೇಧ ಮುಂದಿನ ಟೂರ್ನಿಗೆ ದಾಟುತ್ತದೆ ಎಂದು ಪ್ರವೇಶ ಅರ್ಜಿಯಲ್ಲೇ ಬರೆದು, ಆಟಗಾರನ ಸಹಿ ಹಾಕಿಸಿ, ಪಟ್ಟಿಯನ್ನು ಪಕ್ಕದ ಊರಿನ ಸಂಘಟಕರಿಗೂ ಕಳಿಸಬೇಕು. ಅದೇ ಹಾಳೆಯಲ್ಲಿ ಇನ್ನೆರಡು ವಿಷಯ ಇರಲಿ. ಆಡುವ ತಂಡಗಳಿಗೆ ಸೇರದ ಮೂವರು ಸಮಿತಿಯಲ್ಲಿರುತ್ತಾರೆ ಎಂಬುದು ಒಂದು. ಮೊಬೈಲ್ ವಿಡಿಯೊ ನೋಡುವುದು ರೆಫರಿ ನೋಡದ ಹೊಡೆದಾಟಕ್ಕೆ ಅಥವಾ ಒಬ್ಬನ ಕಾರ್ಡ್ ಇನ್ನೊಬ್ಬನಿಗೆ ಬಿದ್ದಾಗ ಮಾತ್ರ ಎಂಬುದು ಇನ್ನೊಂದು. ಫೈನಲ್ ಮುಗಿದ ಮೇಲೆ ಈ ಹಾಳೆ ಬರೆಯಲು ಕೂತರೆ ಯಾರೂ ಒಪ್ಪುವುದಿಲ್ಲ, ಯಾರ ಎದುರು ಯಾರು ಎಂದು ಡ್ರಾ ತೆಗೆಯುವ ದಿನವೇ ಎಲ್ಲಾ ತಂಡದ ಮ್ಯಾನೇಜರ್‌ಗಳ ಕೈಯಲ್ಲಿ ಒಂದೊಂದು ಪ್ರತಿ ಇರಬೇಕು.